ಬ್ರೇಕ್ ಇಲ್ಲದ ದೋಣಿಯನ್ನು ನಿಲ್ಲಿಸುವುದು ಹೇಗೆ?

ಸೈಕಲ್ಲಿಗೆ ಬ್ರೇಕ್ ಇದೆ, ಬಸ್ಸಿಗೂ ಇದೆ. ಎತ್ತಿನ ಗಾಡಿಯಾದರೆ ಹಗ್ಗ ಜಗ್ಗಿದರೆ ಸಾಕು. ಆದರೆ ಗಾಳಿಯನ್ನೇ ನಂಬಿ ಸಾಗುವ ಹಾಯಿದೋಣಿಗೆ ಬ್ರೇಕ್ ಎಂಬುದೇ ಇಲ್ಲ. ಹಾಯಿ ಇಳಿಸಿದರೂ ಅದು ನಿಲ್ಲುವುದಿಲ್ಲ. ಗಾಳಿ ತಳ್ಳಿದತ್ತ, ನೀರಿನ ಸೆಳೆತ ಒಯ್ದತ್ತ ಜಾರುತ್ತಲೇ ಇರುತ್ತದೆ. ಬಂದರಿನಲ್ಲಾದರೆ ಧಕ್ಕೆಯ ಗೂಟಕ್ಕೆ ಹಗ್ಗ ಬಿಗಿಯಬಹುದು. ಧಕ್ಕೆಯೂ ಇಲ್ಲದ, ಗೂಟವೂ ಇಲ್ಲದ ಪುಟ್ಟ ದ್ವೀಪವೊಂದರ ಮರಳದಂಡೆಯ ಎದುರು ರಾತ್ರಿಯಿಡೀ ದೋಣಿ ನಿಲ್ಲಬೇಕಾದರೆ? ಆಗ ನೆಚ್ಚಬೇಕಾದ್ದು ಲಂಗರನ್ನು.

‘ಅದರಲ್ಲೇನಿದೆ? ಭಾರವಾದ ಕಬ್ಬಿಣಕ್ಕೆ ಹಗ್ಗ ಕಟ್ಟಿ ನೀರಿಗೆ ಎಸೆದರಾಯಿತು’ ಎಂದು ಅನೇಕರು ತಿಳಿದಿದ್ದಾರೆ. ಹಾಗಿದ್ದರೆ ಐದು ಟನ್ ತೂಗುವ ದೋಣಿಯನ್ನು ಬರೇ ಹದಿನೈದು ಕಿಲೊ ಲಂಗರು ಹಿಡಿದು ನಿಲ್ಲಿಸುವುದು ಹೇಗೆ? ನಿಲ್ಲಿಸುವುದಂತೂ ನಿಜ. ಆದರೆ ತೂಕದಿಂದಲ್ಲ, ಉಪಾಯದಿಂದ. ಆ ಉಪಾಯದಲ್ಲಿ ಹೈಸ್ಕೂಲಿನ ತ್ರಿಕೋನಮಿತಿ ಇದೆ, ಭೂಗೋಳವಿದೆ, ಒಂದಿಷ್ಟು ಇತಿಹಾಸವೂ ಇದೆ.

ಅಂಜದೀವದ ಮರೆಯಲ್ಲಿ

ಇತಿಹಾಸದಿಂದಲೇ ಶುರು ಮಾಡೋಣ. ಕಾರವಾರದ ದಕ್ಷಿಣಕ್ಕೆ, ಬಿಣಗಾ ತೀರದ ಎದುರಿನಲ್ಲಿ ಅಂಜದೀವ ಎಂಬ ಸಣ್ಣ ದ್ವೀಪವಿದೆ. ಆಡಳಿತದ ಮಟ್ಟಿಗೆ ಅದು ಗೋವಾಕ್ಕೆ ಸೇರಿದ್ದು. ಅದರ ಪಶ್ಚಿಮಕ್ಕೆ ತೆರೆದ ಅರಬ್ಬೀ ಸಮುದ್ರ. ಪೂರ್ವಕ್ಕೆ, ನಮ್ಮ ಕರಾವಳಿಯತ್ತ, ದೊಡ್ಡ ಅಲೆಗಳಿಂದ ಮರೆಯಾದ ನೀರು. ಗೋಡೆಯ ಹಿಂದೆ ನಿಂತವನಿಗೆ ಗಾಳಿ ತಾಗದಿರುವಂತೆ, ದ್ವೀಪದ ಹಿಂದೆ ನಿಂತ ಹಡಗಿಗೆ ಕಡಲಿನ ಹೊಡೆತ ತಾಗದು. ಹದಿನಾಲ್ಕನೆಯ ಶತಮಾನದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಗುಡಿ, ತೋಟ ಮತ್ತು ನೀರಿನ ಕೊಳವಿದ್ದ ಒಂದು ಪುಟ್ಟ ದ್ವೀಪದ ಬಳಿ ತಾನಿದ್ದ ಹಡಗು ಲಂಗರು ಹಾಕಿದ್ದನ್ನು ಬರೆದಿದ್ದಾನೆ. ಅದು ಅಂಜದೀವವೇ ಇರಬೇಕೆಂದು ಇತಿಹಾಸಕಾರರ ಎಣಿಕೆ.

1498ರ ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ವಾಸ್ಕೊ ಡ ಗಾಮನ ಹಡಗುಗಳೂ ಕಲ್ಲಿಕೋಟೆಯಿಂದ ಊರಿಗೆ ಮರಳುವ ಹಾದಿಯಲ್ಲಿ ಇಲ್ಲೇ ಲಂಗರು ಇಳಿಸಿದವು. ಅವರಿಗೆ ಬೇಕಿದ್ದುದು ಎರಡು: ಕುಡಿಯುವ ಸಿಹಿನೀರು ಮತ್ತು ಹಡಗನ್ನು ಮಗ್ಗುಲಾಗಿಸಿ ತಳಕ್ಕೆ ಅಂಟಿದ ಪಾಚಿ, ಚಿಪ್ಪುಗಳನ್ನು ಕೆರೆಯಲು ತಕ್ಕ ಮರಳದಂಡೆ. ಎರಡೂ ಸಿಕ್ಕವು. ಆದರೆ ಅಕ್ಟೋಬರ್ 5ರಂದು, ಈಶಾನ್ಯ ಮಾರುತ ಇನ್ನೂ ನೆಲೆಗೊಳ್ಳುವ ಮುನ್ನವೇ, ಅವರು ಲಂಗರು ಎತ್ತಿಬಿಟ್ಟರು. ಬರುವಾಗ ನಾಲ್ಕು ವಾರದೊಳಗೆ ದಾಟಿದ್ದ ಅದೇ ಕಡಲನ್ನು ದಾಟಿ ಆಫ್ರಿಕಾದ ತೀರ ಕಾಣಲು ಈಗ 1499ರ ಜನವರಿ 2ರವರೆಗೆ ಕಾಯಬೇಕಾಯಿತು. ತಾಜಾ ಹಣ್ಣು, ಸೊಪ್ಪು ಇಲ್ಲದೆ ಬರುವ ಸ್ಕರ್ವಿ ರೋಗಕ್ಕೆ ಸುಮಾರು ಮೂವತ್ತು ನಾವಿಕರು ಆ ದಾರಿಯಲ್ಲೇ ಬಲಿಯಾದರು. ಲಂಗರು ಎಲ್ಲಿ ಹಾಕಬೇಕು ಎಂಬುದರಷ್ಟೇ ಯಾವಾಗ ಎತ್ತಬೇಕು ಎಂಬುದೂ ಜೀವದ ಪ್ರಶ್ನೆ.

ಈಗ ಅಂಜದೀವವನ್ನು ಕಲ್ಲಿನ ಅಲೆತಡೆಗೋಡೆಯೊಂದು ದಡಕ್ಕೆ ಜೋಡಿಸಿದೆ. ಗಾಮನ ಹಡಗುಗಳು ಮರೆ ಹುಡುಕಿದ ಆಸುಪಾಸಿನಲ್ಲೇ 2005ರಲ್ಲಿ ನಮ್ಮ ನೌಕಾಪಡೆಯ ‘ಐಎನ್‌ಎಸ್ ಕದಂಬ’ ನೆಲೆ ತಲೆಯೆತ್ತಿತು.

ತೂಕವಲ್ಲ, ಕೋನ

ಗುಜರಾತಿನ ದ್ವಾರಕೆಯ ಬಳಿ ಕಡಲತಳದಲ್ಲಿ ಕನ್ನಡಿಗ ಪುರಾತತ್ತ್ವಜ್ಞ ಎಸ್. ಆರ್. ರಾವ್ ಅವರ ತಂಡ ಶೋಧ ನಡೆಸಿದಾಗ ತ್ರಿಕೋನಾಕಾರದ ಕಲ್ಲಿನ ಲಂಗರುಗಳು ಸಿಕ್ಕವು. ಅವುಗಳಲ್ಲಿ ಮೂರು ತೂತುಗಳು. ಮೇಲಿನದು ಹಗ್ಗಕ್ಕೆ, ಕೆಳಗಿನ ಎರಡರಲ್ಲಿ ಮರದ ಗೂಟಗಳನ್ನು ತೂರಿಸುತ್ತಿದ್ದರು. ಕಲ್ಲಿನ ಭಾರವೊಂದೇ ಸಾಲದು, ನೆಲವನ್ನು ಕಚ್ಚಲು ಹಲ್ಲೂ ಬೇಕು ಎಂಬುದು ನಮ್ಮ ಪೂರ್ವಿಕರಿಗೆ ಗೊತ್ತಿತ್ತು.

ಹೊಲದ ನೇಗಿಲನ್ನು ನೆನಪಿಸಿಕೊಳ್ಳಿ. ಎತ್ತು ಮುಂದಕ್ಕೆ ಎಳೆದಷ್ಟೂ ಗುಳ ಮಣ್ಣಿನೊಳಗೆ ಇಳಿಯುತ್ತದೆ; ಮೇಲಕ್ಕೆತ್ತಿದರೆ ಕಿತ್ತು ಬರುತ್ತದೆ. ಲಂಗರಿನದೂ ಇದೇ ಕಥೆ. 1933ರಲ್ಲಿ ಕೇಂಬ್ರಿಜ್‌ನ ಖ್ಯಾತ ವಿಜ್ಞಾನಿ, ಸ್ವತಃ ಹಾಯಿದೋಣಿ ಪ್ರಿಯರಾದ ಜಿ. ಐ. ಟೇಲರ್ ಅವರು ನೇಗಿಲಿನ ಆಕಾರದ ಲಂಗರನ್ನೇ ರೂಪಿಸಿದರು. ಅದರ ಹೆಸರು ‘ಸಿ.ಕ್ಯೂ.ಆರ್.’ ಬೇಗ ಬೇಗ ಹೇಳಿ ನೋಡಿ, ‘ಸೆಕ್ಯೂರ್’ ಎಂದು ಕೇಳಿಸುತ್ತದೆ!

ಹಾಗಾದರೆ ಎಳೆತ ಅಡ್ಡಡ್ಡಲಾಗಿ ಇರುವಂತೆ ಮಾಡುವುದು ಹೇಗೆ? ಹಗ್ಗವನ್ನು ಉದ್ದ ಬಿಡಬೇಕು. ಬಿಗಿಯಾದ ಹಗ್ಗವನ್ನು ಲಂಬಕೋನ ತ್ರಿಭುಜದ ವಿಕರ್ಣ ಎನ್ನಿ, ಆಳವನ್ನು ಅಭಿಮುಖ ಬಾಹು ಎನ್ನಿ. ಹಗ್ಗ ಆಳದ ಎರಡು ಪಟ್ಟು ಇದ್ದರೆ ಕೋನದ ಸೈನ್ ಬೆಲೆ ಅರ್ಧ. ಅಂದರೆ ಕೋನ 30 ಡಿಗ್ರಿ. ಲಂಗರು ಮೇಲಕ್ಕೆದ್ದು ಬರುತ್ತದೆ. ಹಗ್ಗ ಏಳು ಪಟ್ಟಾದರೆ ಕೋನ ಸುಮಾರು 8 ಡಿಗ್ರಿ ಮಾತ್ರ. ಆಗ ಲಂಗರು ನೆಲವನ್ನು ಇನ್ನಷ್ಟು ಕಚ್ಚುತ್ತದೆ. ನಾವಿಕರು ‘ಏಳು ಪಟ್ಟು ಹಗ್ಗ’ ಎನ್ನುವುದು ಇದಕ್ಕೇ. ಹಗ್ಗಕ್ಕೂ ಲಂಗರಿಗೂ ನಡುವೆ ಕೆಲವು ಮೀಟರ್ ಸರಪಳಿ ಹಾಕುವುದೂ ಇದೇ ಕಾರಣಕ್ಕೆ. ಅದರ ಭಾರ ಎಳೆತವನ್ನು ನೆಲಕ್ಕೆ ಸಮೀಪದಲ್ಲಿ ಇರಿಸುತ್ತದೆ.

ಇಲ್ಲೊಂದು ಪರೀಕ್ಷೆಯ ಪ್ರಶ್ನೆಯಂಥ ಸೂಕ್ಷ್ಮವಿದೆ. ಇಳಿತದ ಹೊತ್ತಿನಲ್ಲಿ ನೀರಿನ ಆಳ 4 ಮೀಟರ್ ಎನ್ನೋಣ. ಏಳು ಪಟ್ಟೆಂದರೆ 28 ಮೀಟರ್ ಹಗ್ಗ. ಸರಿಯೇ? ಅಲ್ಲ. ಹಗ್ಗ ಕಟ್ಟಿರುವ ದೋಣಿಯ ಮೂತಿ ನೀರಿಗಿಂತ 1 ಮೀಟರ್ ಎತ್ತರದಲ್ಲಿದೆ. ಉಬ್ಬರದಲ್ಲಿ ನೀರು ಇನ್ನೂ 2 ಮೀಟರ್ ಏರಲಿದೆ. ಒಟ್ಟು 7 ಮೀಟರ್. ಬೇಕಾದ ಹಗ್ಗ 49 ಮೀಟರ್. ಮೊದಲಿನ ಲೆಕ್ಕ ನಂಬಿ ಮಲಗಿದವನ ಹಗ್ಗ ನಡುರಾತ್ರಿಯ ಹೊತ್ತಿಗೆ ಏಳು ಪಟ್ಟಿನಿಂದ ನಾಲ್ಕು ಪಟ್ಟಿಗೆ ಇಳಿದಿರುತ್ತದೆ!

ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಟ್ರೇ ಒಂದರಲ್ಲಿ ಒದ್ದೆ ಮರಳು ತುಂಬಿ, ದಪ್ಪ ತಂತಿಯನ್ನು ಕೊಕ್ಕೆಯಂತೆ ಬಗ್ಗಿಸಿ ದಾರ ಕಟ್ಟಿ, ಮರಳಿಗೆ ಸಿಕ್ಕಿಸಿ. ಮೊದಲು ದಾರವನ್ನು ಮೇಲ್ಮುಖವಾಗಿ, ಅನಂತರ ನೆಲಕ್ಕೆ ಸಮಾನಾಂತರವಾಗಿ ಎಳೆದು ನೋಡಿ. ತಂದೆತಾಯಂದಿರೂ ಒಂದು ಕೈ ನೋಡಬಹುದು.

ತಳ ನೋಡಿ ಲಂಗರು ಹಾಕು

ಯಾವ ಲಂಗರೂ ಎಲ್ಲ ಕಡೆ ಹಿಡಿಯುವುದಿಲ್ಲ. ಮರಳು ಒಳ್ಳೆಯದು, ಗಟ್ಟಿ ಕೆಸರೂ ಆದೀತು. ಬಂಡೆಯಾದರೆ ಒಂದೋ ಹಿಡಿಯುವುದಿಲ್ಲ, ಇಲ್ಲವೇ ಸಂದಿಗೆ ಸಿಕ್ಕು ಬಿಡುವುದಿಲ್ಲ. ಕಾಣದ ತಳವನ್ನು ತಿಳಿಯಲು ಹಳೆಯ ನಾವಿಕರು ಸರಳ ಉಪಾಯ ಮಾಡಿದ್ದರು. ಸೀಸದ ಗುಂಡನ್ನು ಹಗ್ಗದಲ್ಲಿ ಇಳಿಸಿ, ಎಷ್ಟು ಮಾರು ಆಳ ಎಂದು ಅಳೆಯುತ್ತಿದ್ದರು. ಗುಂಡಿನ ಬುಡದ ಕುಳಿಯಲ್ಲಿ ಪ್ರಾಣಿಯ ಕೊಬ್ಬು ಮೆತ್ತಿರುತ್ತಿತ್ತು. ಮೇಲೆತ್ತಿದಾಗ ಅದಕ್ಕೆ ಮರಳು ಅಂಟಿದೆಯೋ, ಕೆಸರೋ, ಚಿಪ್ಪಿನ ಚೂರೋ ಎಂದು ನೋಡಿದರೆ ತಳದ ಗುಟ್ಟು ರಟ್ಟು.

ಹವಳದ ದಿಬ್ಬಗಳಿದ್ದಲ್ಲಿ ಮಾತ್ರ ಲಂಗರು ಹಾಕಲೇಬಾರದು. ಮುರ್ಡೇಶ್ವರದಾಚೆಯ ನೇತ್ರಾಣಿಯಂಥ ದ್ವೀಪಗಳ ಸುತ್ತ ಹವಳಗಳಿವೆ. ವರ್ಷಕ್ಕೆ ಒಂದೆರಡು ಸೆಂಟಿಮೀಟರಿನಂತೆ ಬೆಳೆಯುವ ಹವಳವನ್ನು ಒಂದು ಲಂಗರು ಕ್ಷಣದಲ್ಲಿ ಪುಡಿಗಟ್ಟಬಲ್ಲದು.

ಜಾಗ ಗೊತ್ತುಮಾಡಿದ ಮೇಲೆ ದೋಣಿಯನ್ನು ಗಾಳಿಗೆ ಎದುರಾಗಿ ತಿರುಗಿಸುತ್ತಾರೆ. ಹಾಯಿ ಪಟಪಟ ಬಡಿದುಕೊಂಡು ಗಾಳಿ ಹಿಡಿಯದಂತಾಗಿ, ದೋಣಿ ತಾನಾಗಿ ನಿಂತು ಹಿಂದಕ್ಕೆ ಜಾರತೊಡಗುತ್ತದೆ. ಆಗ ಲಂಗರನ್ನು ಎಸೆಯದೆ ಮೆಲ್ಲಗೆ ಇಳಿಸಿ, ದೋಣಿ ಸರಿದಂತೆ ಹಗ್ಗ ಬಿಡುತ್ತ ಹೋಗುತ್ತಾರೆ. ಸಾಕಷ್ಟು ಬಿಟ್ಟು ಬಿಗಿದರೆ ದೋಣಿಯ ಎಳೆತಕ್ಕೇ ಲಂಗರು ಊರಿಕೊಳ್ಳುತ್ತದೆ. ಹಗ್ಗದ ಮೇಲೆ ಅಂಗೈ ಇಟ್ಟರೆ ಸುದ್ದಿ ಸಿಗುತ್ತದೆ: ಸ್ಥಿರವಾಗಿ ಬಿಗಿದಿದ್ದರೆ ಕಚ್ಚಿದೆ, ತಟತಟ ಅದುರುತ್ತಿದ್ದರೆ ತಳದ ಮೇಲೆ ಉಜ್ಜಿಕೊಂಡು ಬರುತ್ತಿದೆ.

ಇನ್ನೊಂದು ಸಾಕ್ಷಿ ದಡದಲ್ಲಿದೆ. ದೋಣಿಯ ಮಗ್ಗುಲಿನಿಂದ ನೇರ ನೋಡಿದಾಗ ಒಂದು ತೆಂಗಿನಮರ ಮತ್ತು ಅದರ ಹಿಂದಿನ ಬಂಡೆ ಒಂದೇ ಗೆರೆಯಲ್ಲಿ ಕಂಡವು ಎನ್ನಿ. ಸ್ವಲ್ಪ ಹೊತ್ತಿನ ಮೇಲೆ ಅವು ಬೇರೆಬೇರೆಯಾಗುತ್ತಲೇ ಹೋದರೆ ಮರ ನಡೆಯುತ್ತಿಲ್ಲ, ದೋಣಿ ಜಾರುತ್ತಿದೆ!

ಗಾಳಿ ತಿರುಗಿದಾಗ

ಇಷ್ಟೆಲ್ಲ ಸರಿಯಾಗಿದ್ದರೂ ಅಪಾಯ ಮುಗಿಯದು. ಗಾಳಿ ದಡದಿಂದ ಕಡಲಿಗೆ ಬೀಸುವಾಗ ಮರಳದಂಡೆಯ ಎದುರಿನ ನೀರು ಕೊಳದಂತೆ ತಣ್ಣಗಿರುತ್ತದೆ. ಅದೇ ಗಾಳಿ ತಿರುಗಿ ಕಡಲಿನಿಂದ ದಡಕ್ಕೆ ಬೀಸಿತೋ, ಬೆಳಗಿನ ಆಸರೆಯೇ ರಾತ್ರಿಯ ಬೋನು. ಮೇಲಾಗಿ ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ.

1982ರ ಡಿಸೆಂಬರ್‌ನಲ್ಲಿ ಮೆಕ್ಸಿಕೊದ ಕಾಬೊ ಸ್ಯಾನ್ ಲೂಕಾಸ್ ಎಂಬಲ್ಲಿ ಹೀಗೇ ಆಯಿತು. ಸುಂದರ ಮರಳದಂಡೆಯ ಎದುರು ಹತ್ತಾರು ಹಾಯಿದೋಣಿಗಳು ಲಂಗರು ಹಾಕಿದ್ದವು. ಅನಿರೀಕ್ಷಿತ ಬಿರುಗಾಳಿ ಕಡಲ ಕಡೆಯಿಂದ ಎದ್ದು ಒಂದೇ ರಾತ್ರಿ ಇಪ್ಪತ್ತೈದಕ್ಕೂ ಹೆಚ್ಚು ದೋಣಿಗಳನ್ನು ದಡಕ್ಕೆ ಬಡಿಯಿತು. ಅವುಗಳಲ್ಲೊಂದು ‘ಜೋಶುವಾ’, ಫ್ರಾನ್ಸಿನ ಬರ್ನಾರ್ ಮ್ವಾತೆಸ್ಸಿಯೆ ಒಬ್ಬರೇ ಭೂಮಿ ಸುತ್ತಿದ್ದ ದೋಣಿ. ದಕ್ಷಿಣ ಸಾಗರದ ರುದ್ರ ಅಲೆಗಳನ್ನು ಗೆದ್ದು ಬಂದಿದ್ದ ದೋಣಿ ಸೋತದ್ದು ಮರಳದಂಡೆಯ ಮುಂದೆ.

ಅನುಭವಿ ನಾವಿಕರು ಅದಕ್ಕೇ ಲಂಗರು ಹಾಕುವಾಗಲೇ ಹೊರಡುವ ದಾರಿಯನ್ನೂ ಗೊತ್ತುಮಾಡಿಕೊಳ್ಳುತ್ತಾರೆ: ಕತ್ತಲಲ್ಲಿ ಯಾವ ದಿಕ್ಕಿಗೆ ಸಾಗಿದರೆ ಬಂಡೆ ಸಿಗದು, ಯಾವ ಹಾಯಿ ಮೊದಲು ಏರಿಸಬೇಕು ಎಂದು. ಸಮಯವೇ ಇಲ್ಲದಿದ್ದರೆ ಹಗ್ಗದ ತುದಿಗೆ ತೇಲುಬುರುಡೆ ಕಟ್ಟಿ ಲಂಗರನ್ನು ಅಲ್ಲೇ ಬಿಟ್ಟು ಹೊರಡುವುದೂ ಉಂಟು. ಲಂಗರು ಮತ್ತೆ ಸಿಕ್ಕೀತು.

ಸಮಯವಿದ್ದರೆ ಲಂಗರು ಎತ್ತುವುದೇನೂ ಕಷ್ಟವಲ್ಲ. ಹಗ್ಗ ಎಳೆದುಕೊಳ್ಳುತ್ತ ದೋಣಿಯನ್ನು ಲಂಗರಿನ ನೆತ್ತಿಗೇ ತಂದರೆ ಹಗ್ಗ ನೇರ ಲಂಬವಾಗುತ್ತದೆ. ರಾತ್ರಿಯಿಡೀ ಐದು ಟನ್ ದೋಣಿಯನ್ನು ಹಿಡಿದಿದ್ದ ಲಂಗರು ಆಗ ಒಬ್ಬ ಮನುಷ್ಯನ ಕೈಬಲಕ್ಕೆ ನೆಲ ಬಿಟ್ಟು ಮೇಲೆ ಬರುತ್ತದೆ.