ಮನೆಯ ವಿಡಿಯೊ: ಸಂಕಲನಕ್ಕೆ ಮೊದಲು ಮಾಡಬೇಕಾದ ರೂಪಾಂತರ



ನ್ಯೂಯಾರ್ಕ್, ನ್ಯೂಜೆರ್ಸಿಗಳ ನಮ್ಮ ಮನೆಗಳಲ್ಲಿ ಹಳೆಯ ವಿಡಿಯೊ ಕ್ಯಾಸೆಟ್ಟುಗಳು ಎರಡು ಬಗೆಯವು: ಊರಿನಿಂದ ತಂದ ಮದುವೆ, ಉಪನಯನಗಳವು, ಇಲ್ಲಿಯೇ ತೆಗೆದ ನಾಮಕರಣ, ಯುಗಾದಿ, ರಾಜ್ಯೋತ್ಸವಗಳವು. ಈಚೆಗೆ ಮೊಬೈಲಿನ ಚಿತ್ರಗಳೂ ಇವುಗಳೊಡನೆ ಸೇರಿವೆ. ಹಿರಿಯರ ಸಹಸ್ರಚಂದ್ರದರ್ಶನಕ್ಕೆಂದೋ ಮಕ್ಕಳ ಮದುವೆಗೆಂದೋ ಇವನ್ನೆಲ್ಲ ಜೋಡಿಸಹೊರಟಾಗ ಚಿತ್ರ ತಡವರಿಸುತ್ತದೆ, ಮಾತು ತುಟಿಯ ಚಲನೆಗೆ ಹೊಂದುವುದಿಲ್ಲ. ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ಫಾರ್ಮ್ಯಾಟನ್ನು ಪರಿಶೀಲಿಸುವುದು ಒಳಿತು. ನಾನು ವೃತ್ತಿಯಿಂದ ವೈದ್ಯ. ವಿಡಿಯೊ ಸಂಕಲನ ನನ್ನ ಹವ್ಯಾಸ. ಔಷಧಿಗಿಂತ ಮೊದಲು ರೋಗನಿದಾನವೆಂಬ ಕ್ರಮ ಇಲ್ಲಿಗೂ ಸಲ್ಲುತ್ತದೆ.

ಮೊಬೈಲುಗಳು ಬಳಸುವ ಎಚ್.264 (2003) ಮತ್ತು ಎಚ್‌ಇವಿಸಿ (2013) ಪದ್ಧತಿಗಳು ಜಾಗ ಉಳಿಸಲೆಂದು ಹುಟ್ಟಿದವು. ಕೆಲವು ಫ್ರೇಮುಗಳನ್ನು ಮಾತ್ರ ಪೂರ್ಣವಾಗಿ ಬರೆದು, ಉಳಿದವುಗಳಲ್ಲಿ ಬದಲಾದ ಅಂಶವನ್ನಷ್ಟೇ ಇವು ದಾಖಲಿಸುತ್ತವೆ. ನೋಡುವುದಕ್ಕೆ ಇದು ಸಾಕು. ಆದರೆ ನಡುವೆ ಕತ್ತರಿಸಬೇಕಾದಾಗ ಕಂಪ್ಯೂಟರ್ ಸುತ್ತಲಿನ ಫ್ರೇಮುಗಳನ್ನೆಲ್ಲ ಲೆಕ್ಕ ಹಾಕಬೇಕಾಗುತ್ತದೆ. ಪ್ರೊರೆಸ್, ಡಿಎನ್ಎಕ್ಸ್ಎಚ್ಆರ್ ಫಾರ್ಮ್ಯಾಟುಗಳಲ್ಲಿ ಪ್ರತಿ ಫ್ರೇಮೂ ಸ್ವತಂತ್ರ. ಸಂಕಲನಕ್ಕೆ ಅವೇ ಯೋಗ್ಯ. ಅವು ಕೇಳುವ ಬೆಲೆ ಜಾಗ: 1080 ಗೆರೆಗಳ ಪ್ರೊರೆಸ್ 422 ಚಿತ್ರಕ್ಕೆ ಗಂಟೆಗೆ ಸುಮಾರು 66 ಗಿಗಾಬೈಟ್. ರೂಪಾಂತರದಿಂದ ಚಿತ್ರದ ಗುಣಮಟ್ಟ ಹೆಚ್ಚುವುದಿಲ್ಲವೆಂಬುದೂ ನೆನಪಿರಲಿ. ಇದಲ್ಲದೆ ಮೊಬೈಲುಗಳಲ್ಲಿ ಫ್ರೇಮುಗಳ ವೇಗ ಏರಿಳಿಯುವುದುಂಟು. ಮಾತು ಜಾರುವುದಕ್ಕೆ ಇದು ಮುಖ್ಯ ಕಾರಣ. ಉಚಿತವಾಗಿ ದೊರೆಯುವ ಎಫ್ಎಫ್ಎಂಪೆಗ್ ತಂತ್ರಾಂಶದಿಂದ ವೇಗವನ್ನು ಸ್ಥಿರಗೊಳಿಸಿ, ಅದೇ ಹಂತದಲ್ಲಿ ಪ್ರೊರೆಸ್‌ಗೆ ಪರಿವರ್ತಿಸಬಹುದು.

ನಮ್ಮಂಥ ಕುಟುಂಬಗಳ ನಿಜವಾದ ತೊಡಕು ಬೇರೆಯೇ ಇದೆ. ಅಮೆರಿಕದ ವಿದ್ಯುತ್ತು 60 ಹರ್ಟ್ಸ್, ಭಾರತದ್ದು 50. ಈ ಅಂತರವನ್ನನುಸರಿಸಿ ಇಲ್ಲಿಯ ಎನ್‌ಟಿಎಸ್‌ಸಿ ಪದ್ಧತಿ ಸೆಕೆಂಡಿಗೆ 30 ಫ್ರೇಮುಗಳನ್ನು ಆರಿಸಿಕೊಂಡಿತು. 1953ರಲ್ಲಿ ಬಣ್ಣದ ಪ್ರಸಾರಕ್ಕಾಗಿ ಅದು 29.97ಕ್ಕೆ ಇಳಿಯಿತು. 1982ರಲ್ಲಿ ಭಾರತಕ್ಕೆ ಬಂದ ಬಣ್ಣದ ದೂರದರ್ಶನದ ಪಾಲ್ ಪದ್ಧತಿಯದು 25. ಊರಿನ ಮದುವೆಯನ್ನು 29.97 ಎಂದು ತಪ್ಪಾಗಿ ಓದಿದರೆ ಒಂದು ಗಂಟೆಯ ಚಿತ್ರ 50 ನಿಮಿಷಕ್ಕೇ ಮುಗಿದು, ಪುರೋಹಿತರು ಓಡುತ್ತ ಧಾರೆ ಎರೆಸಿದಂತೆ ಕಾಣುತ್ತದೆ. ಸೆಕೆಂಡಿಗೆ 50 ಮಿಲಿಮೀಟರ್ ಓಡಿದ ಇಸಿಜಿ ಕಾಗದವನ್ನು 25 ಎಂದು ಓದಿದರೆ ನಾಡಿಬಡಿತ ಅರ್ಧವಾಗಿ ಕಾಣುವಂಥದೇ ಪ್ರಮಾದ ಇದು. ಅವಧಿಯನ್ನು ಉಳಿಸಿಕೊಂಡೇ 25ನ್ನು 30ಕ್ಕೆ ಏರಿಸಿದರೆ ಸೆಕೆಂಡಿಗೆ ಐದು ಫ್ರೇಮುಗಳು ಪುನರಾವರ್ತನೆಯಾಗುತ್ತವೆ. ಕ್ಯಾಮೆರಾ ಮಂಟಪದ ಸುತ್ತ ತಿರುಗಿದಾಗ ಚಿತ್ರ ಕುಲುಕುತ್ತದೆ. ಆದುದರಿಂದ ಹೆಚ್ಚಿನ ಭಾಗ ಊರಿನದಾಗಿದ್ದರೆ ಇಡೀ ಸಂಕಲನವನ್ನು 25ರಲ್ಲಿಯೇ ಮಾಡುವುದು ಲೇಸು. ಅಮೆರಿಕದಲ್ಲಿದ್ದೇವೆಂಬ ಕಾರಣಕ್ಕೆ 29.97ಕ್ಕೆ ಅಂಟಿಕೊಳ್ಳಬೇಕಾಗಿಲ್ಲ; ಇಂದಿನ ಕಂಪ್ಯೂಟರ್‌ಗಳು ಎರಡನ್ನೂ ತೋರಿಸುತ್ತವೆ.

ಕ್ಯಾಸೆಟ್ಟಿನಿಂದ ಪ್ರತಿ ತೆಗೆಯುವ ಕೆಲಸವನ್ನು ಮುಂದೂಡಬಾರದು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಅದನ್ನು ನಿಲ್ಲಿಸಿತು. ಊರಿನ ಕ್ಯಾಸೆಟ್ಟಿಗೆ ಪಾಲ್ ಓದಬಲ್ಲ ಮಲ್ಟಿಸಿಸ್ಟಂ ವಿಸಿಆರ್ ಬೇಕು. ಅದನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನವೂ ಪಾಲ್ ಸ್ವೀಕರಿಸಬೇಕು. ಅಂಗಡಿಗೆ ಕೊಡುವವರು ಡಿವಿಡಿಯ ಬದಲು ಹೆಚ್ಚು ಅದುಮದ ಫೈಲನ್ನೇ ಕೇಳಿ ಪಡೆಯಬೇಕು. ಮಿನಿಡಿವಿ ಕ್ಯಾಸೆಟ್ಟಾದರೆ ಫೈರ್‌ವೈರ್ ಮೂಲಕ ಇದ್ದುದನ್ನು ಇದ್ದಂತೆಯೇ ಇಳಿಸಿಕೊಳ್ಳಬಹುದು. ಗಂಟೆಗೆ ಸುಮಾರು 13 ಗಿಗಾಬೈಟ್ ಸಾಕು.

ತೀರಿಹೋದ ಅಜ್ಜ ಅಜ್ಜಿಯರ ದನಿ ಯಾವ ಕ್ಯಾಸೆಟ್ಟಿನಲ್ಲಿದೆಯೋ ಅದನ್ನು ಮೊದಲು ಇಳಿಸಿಕೊಳ್ಳಿ. ಆ ಮೂಲಪ್ರತಿಯನ್ನು ಎರಡು ಡಿಸ್ಕುಗಳಲ್ಲಿಟ್ಟು, ಒಂದನ್ನು ಬೇರೆ ಮನೆಯಲ್ಲಿ ಇರಿಸಿರಿ. ಸಂಕಲನ ಮುಗಿದ ಚಿತ್ರವನ್ನು ಬಂಧುಗಳಿಗೆ ಕಳುಹಿಸಲು ಎಚ್.264 ಸಾಕು.