ಹಳೆಯ ಮೋಟಾರಿನ ಕಾಯಿಲು ಕಾದಾಗ

ಬೇಸಗೆಯ ಮಧ್ಯಾಹ್ನದಲ್ಲಿ ಆಗುಂಬೆಯ ಘಾಟಿಯನ್ನೇರುತ್ತಿರುವ ಹಳೆಯ ಅಂಬಾಸಿಡರ್ ಮೋಟಾರು ತಿರುವೊಂದರಲ್ಲಿ ತಟಕ್ಕನೆ ನಿಂತುಬಿಡುತ್ತದೆ. ಪೆಟ್ರೋಲುಂಟು, ಬ್ಯಾಟರಿಯುಂಟು; ಆದರೂ ಎಂಜಿನು ಚಲಿಸದು. ಅರ್ಧ ಗಂಟೆ ಕಳೆದರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ. ಇಂತಹ ಸಮಯದಲ್ಲಿ ಸಂದೇಹಿಸತಕ್ಕ ಅಂಗಗಳಲ್ಲಿ ಇಗ್ನಿಷನ್ ಕಾಯಿಲು ಮುಖ್ಯವಾದುದು.

ಕಾಯಿಲೆಂದರೆ ಕಬ್ಬಿಣದ ತಿರುಳಿನ ಸುತ್ತ ಸುತ್ತಿದ ಎರಡು ತಂತಿಸುರುಳಿಗಳು. ಒಂದರಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತುಗಳು. ಇನ್ನೊಂದರಲ್ಲಿ ಕೂದಲಿನಷ್ಟು ಸಣ್ಣ ತಂತಿಯ ಹಲವು ಸಾವಿರ ಸುತ್ತುಗಳು. ಪಾಯಿಂಟುಗಳು ಕೂಡಿರುವಾಗ ಮೊದಲನೆಯದರಲ್ಲಿ ಬ್ಯಾಟರಿಯ ಪ್ರವಾಹ ಹರಿಯುತ್ತದೆ. ಅವು ಅಗಲಿದ ಕ್ಷಣದಲ್ಲಿ ಎರಡನೆಯದರಲ್ಲಿ ಸಾವಿರಾರು ವೋಲ್ಟುಗಳು ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ.

ಪ್ರವಾಹವಿದ್ದಲ್ಲಿ ಕಾವು ಸಹಜ. ಬಿಸಿಯಾದುದೆಲ್ಲ ಕೆಟ್ಟುದೆಂದು ತಿಳಿಯಬಾರದು. ಕಾಯಿಲಿನಿಂದ ಎಣ್ಣೆ ಜಿನುಗಿದರೆ, ಕಾದಾಗ ಕಿಡಿ ಕುಂದಿದರೆ, ಆಗ ಕಾರಣವನ್ನು ಹುಡುಕತಕ್ಕದ್ದು.

ಮೊದಲನೆಯ ಕಾರಣ ನಮ್ಮ ಮರೆವು. ಎಂಜಿನು ನಿಂತಿರುವಾಗ ಕೀಲಿಯನ್ನು ತಿರುಗಿಸಿಯೇ ಬಿಟ್ಟರೆ, ಪಾಯಿಂಟುಗಳು ಕೂಡಿರುವ ಪಕ್ಷದಲ್ಲಿ, ಪ್ರವಾಹವು ಎಡೆಬಿಡದೆ ಹರಿದು ಕಾಯಿಲನ್ನು ಸುಡುತ್ತದೆ. ಎರಡನೆಯದು ಪಾಯಿಂಟುಗಳ ನಡುವಣ ಅಂತರ. ಅಂಬಾಸಿಡರಿನಲ್ಲಿ ಸುಮಾರು 0.015 ಅಂಗುಲವಿರಬೇಕಾದ ಇದು ಕಿರಿದಾದರೆ ಪ್ರವಾಹ ಹರಿಯುವ ಕಾಲ ಹೆಚ್ಚುತ್ತದೆ. ಮೂರನೆಯದು ಜೋಡಿ ತಪ್ಪಿದ ಕಾಯಿಲು. ಕೆಲವು ಮೋಟಾರುಗಳಲ್ಲಿ ಕಾಯಿಲಿನ ಮುಂದೆ ಬ್ಯಾಲಸ್ಟ್ ಎಂಬ ರೋಧಕವಿರುತ್ತದೆ. ಅವುಗಳ ಕಾಯಿಲಿನ ರೋಧ ಸುಮಾರು 1.5 ಓಮ್. ಬ್ಯಾಲಸ್ಟಿಲ್ಲದವುಗಳದು ಸುಮಾರು 3 ಓಮ್. ಮೊದಲ ಜಾತಿಯದನ್ನು 12 ವೋಲ್ಟಿಗೆ ನೇರವಾಗಿ ಜೋಡಿಸಿದರೆ 4 ಆಂಪಿಯರಿನ ಸ್ಥಾನದಲ್ಲಿ 8 ಆಂಪಿಯರ್ ಹರಿಯುತ್ತದೆ. ಪ್ರವಾಹವು ಇಮ್ಮಡಿಯಾದರೆ ಕಾವು ನಾಲ್ಮಡಿಯಾಗುತ್ತದೆ.

ಪರೀಕ್ಷೆ ಸುಲಭ. ಮೋಟಾರು ನಿಂತ ಕೂಡಲೆ, ಬಿಡಿ ಪ್ಲಗ್ಗೊಂದನ್ನು ಕಿಡಿಯ ತಂತಿಗೆ ಸಿಕ್ಕಿಸಿ, ಅದರ ಲೋಹವು ಎಂಜಿನಿಗೆ ತಾಗುವಂತೆ ಪೆಟ್ರೋಲಿನಿಂದ ದೂರದಲ್ಲಿಟ್ಟು, ಕೈಸೋಕಿಸದೆ ಎಂಜಿನನ್ನು ತಿರುಗಿಸಿ ನೋಡಬೇಕು. ಕಿಡಿ ಬಲವಾಗಿದ್ದರೆ ದೋಷವು ಪೆಟ್ರೋಲಿನ ದಾರಿಯಲ್ಲಿರಬಹುದು. ಕಿಡಿ ಕ್ಷೀಣವಾಗಿದ್ದರೆ ಕಾಯಿಲನ್ನೂ ಕಂಡೆನ್ಸರನ್ನೂ ಸಂದೇಹಿಸಬೇಕು. ಬಳಿಕ ಕೀಲಿ ತೆಗೆದು, ಕಾಯಿಲು ತಣಿದ ಮೇಲೆ, ಅದರ ಎರಡು ಸಣ್ಣ ತಂತಿಗಳನ್ನು ಬಿಡಿಸಿ ರೋಧವನ್ನು ಅಳೆಯತಕ್ಕದ್ದು.

ನಾವು ಒಂದೇ ಬೇಸಗೆಯಲ್ಲಿ ಎರಡು ಕಾಯಿಲುಗಳನ್ನು ಸುಟ್ಟೆವು. ಮೂರನೆಯದನ್ನು ಹಾಕುವ ಮುನ್ನ ಅಳೆದೆವು. ಅಂಗಡಿಯಿಂದ ತಂದುದು ಒಂದೂವರೆ ಓಮಿನದು, ನಮ್ಮ ಮೋಟಾರಿನಲ್ಲಿ ಬ್ಯಾಲಸ್ಟಿರಲಿಲ್ಲ. ಅಳತೆಗೆ ತಗುಲಿದ ಕಾಲ ಎರಡೇ ನಿಮಿಷ.