ಹದಿನೈದರಲ್ಲಿ ಹದಿನೈದು: ಎಲ್‌ಎಸ್‌ಯು ಫುಟ್‌ಬಾಲ್ ತಂಡದ 2019ರ ಋತು

ಅಮೆರಿಕದ ದಕ್ಷಿಣ ಭಾಗದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಮೇಲಿರುವ ಬ್ಯಾಟನ್ ರೂಜ್ ನಗರದ ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿಯನ್ನು ಅಲ್ಲಿನವರು ಎಲ್‌ಎಸ್‌ಯು ಎಂದೇ ಕರೆಯುತ್ತಾರೆ. ಒಂದು ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರನ್ನು ಹಿಡಿಸುವ ಟೈಗರ್ ಸ್ಟೇಡಿಯಂ ಈ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಇದರ ಫುಟ್‌ಬಾಲ್ ತಂಡವು 2019ರ ಋತುವಿನಲ್ಲಿ ಆಡಿದ 15 ಪಂದ್ಯಗಳನ್ನೂ ಗೆದ್ದು ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ತಂಡಗಳ ಮಾತು ಬಂದಾಗಲೆಲ್ಲ ಈ ತಂಡದ ಹೆಸರು ಕೇಳಿಬರುತ್ತದೆ. ಆಟಗಾರರು ವಿದ್ಯಾರ್ಥಿಗಳಾಗಿದ್ದು, ಕೆಲವೇ ವರ್ಷಗಳಲ್ಲಿ ಕ್ಯಾಂಪಸ್ ತೊರೆಯಲೇಬೇಕಾದ ಈ ವ್ಯವಸ್ಥೆಯಲ್ಲಿ ತಂಡದ ಉತ್ಕರ್ಷವೆಂಬುದು ಹೇಗೆ ಕೂಡಿಬರುತ್ತದೆ ಮತ್ತು ಎಷ್ಟು ಬೇಗ ಚದುರಿಹೋಗುತ್ತದೆ ಎಂಬುದನ್ನು ಅರಿಯಲು ಈ ಋತುವಿಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಇಲ್ಲಿ ಫುಟ್‌ಬಾಲ್ ಎಂದರೆ ಭಾರತದಲ್ಲಿ ಪರಿಚಿತವಾದ ಕಾಲ್ಚೆಂಡಾಟವಲ್ಲ. ತಲಾ ಹನ್ನೊಂದು ಆಟಗಾರರ ಎರಡು ತಂಡಗಳು 100 ಗಜದ ಅಂಕಣದಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ ಅಥವಾ ಎಸೆಯುತ್ತ ಎದುರಾಳಿಯ ಗಡಿ ದಾಟಿಸಲು ಯತ್ನಿಸುವ ಆಟವಿದು. ಗಡಿ ದಾಟಿದರೆ ‘ಟಚ್‌ಡೌನ್’, ಅದಕ್ಕೆ ಆರು ಅಂಕ. ಚೆಂಡು ಹೊಂದಿರುವ ತಂಡಕ್ಕೆ ಹತ್ತು ಗಜ ಮುಂದುವರಿಯಲು ‘ಡೌನ್’ ಎಂದು ಕರೆಯುವ ನಾಲ್ಕು ಅವಕಾಶಗಳಿದ್ದು, ಪ್ರತಿ ಬಾರಿ ಚೆಂಡನ್ನು ಪಡೆದು ಅದನ್ನು ಯಾರಿಗೆ ಕೊಡಬೇಕು, ಎತ್ತ ಎಸೆಯಬೇಕು ಎಂದು ಕ್ಷಣಮಾತ್ರದಲ್ಲಿ ತೀರ್ಮಾನಿಸುವವನು ‘ಕ್ವಾರ್ಟರ್‌ಬ್ಯಾಕ್’. ಆಗಸ್ಟ್ ಕೊನೆಯಿಂದ ಸಾಮಾನ್ಯವಾಗಿ ಶನಿವಾರಗಳಂದು ನಡೆಯುವ 12 ಪಂದ್ಯಗಳ ನಂತರ ‘ಕಾನ್ಫರೆನ್ಸ್’ ಎಂಬ ಪ್ರಾದೇಶಿಕ ಒಕ್ಕೂಟದ ಅಂತಿಮ ಪಂದ್ಯವೂ, 2019ರಲ್ಲಿದ್ದ ಪದ್ಧತಿಯಂತೆ ಸಮಿತಿಯೊಂದು ಆರಿಸಿದ ನಾಲ್ಕು ತಂಡಗಳ ನಡುವೆ ಸೆಮಿಫೈನಲ್ ಹಾಗೂ ಫೈನಲ್ ಪಂದ್ಯಗಳೂ ನಡೆಯುತ್ತಿದ್ದವು.

ಬಲಿಷ್ಠ ರಕ್ಷಣೆಗೆ ಮತ್ತು ಚೆಂಡು ಹಿಡಿದು ಓಡುವ ಸಾಂಪ್ರದಾಯಿಕ ಆಕ್ರಮಣಕ್ಕೆ ಎಲ್‌ಎಸ್‌ಯು ಹೆಸರಾಗಿತ್ತು. ಲೂಯಿಸಿಯಾನದವರೇ ಆದ ಮುಖ್ಯ ತರಬೇತುದಾರ ಎಡ್ ಓರ್ಜೆರಾನ್ ಈ ಶೈಲಿಯನ್ನು ಬದಲಿಸಲು ನಿರ್ಧರಿಸಿ, ವೃತ್ತಿಪರ ತಂಡವಾದ ನ್ಯೂ ಓರ್ಲಿಯನ್ಸ್ ಸೇಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ, ಇನ್ನೂ ಮೂವತ್ತು ತುಂಬದ ಜೋ ಬ್ರೇಡಿಯನ್ನು ಕರೆತಂದು, ಅನುಭವಿ ಸ್ಟೀವ್ ಎನ್ಸ್‌ಮಿಂಗರ್ ಜೊತೆ ಆಕ್ರಮಣದ ಹೊಣೆ ಹಂಚಿದರು. ಆಟಗಾರರನ್ನು ಅಂಕಣದ ಅಗಲಕ್ಕೂ ಹರಡಿ ನಿಲ್ಲಿಸಿ, ಒಂದೇ ಬಾರಿಗೆ ಐವರನ್ನು ಚೆಂಡು ಹಿಡಿಯಲು ಓಡಿಸಿ, ರಕ್ಷಕರು ಎಲ್ಲಿ ತೆಳುವಾಗಿದ್ದಾರೋ ಅಲ್ಲಿಗೆ ಬೇಗನೆ ಎಸೆಯುವುದು ಹೊಸ ವಿಧಾನದ ತಿರುಳು. ಇದನ್ನು ಅಂಕಣದಲ್ಲಿ ನಡೆಸಿದವನು ಒಹಾಯೊ ಸ್ಟೇಟ್ ತಂಡದಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿ ಆಡುವ ಅವಕಾಶ ಸಿಗದೆ, ಅಲ್ಲಿ ಪದವಿ ಮುಗಿಸಿ, ಪದವೀಧರರು ಕಾಯದೆ ಬೇರೆ ತಂಡ ಸೇರಬಹುದೆಂಬ ನಿಯಮದಡಿ 2018ರಲ್ಲಿ ಎಲ್‌ಎಸ್‌ಯುಗೆ ಬಂದಿದ್ದ ಜೋ ಬರೋ.

ಬದಲಾವಣೆಯ ಆಳ ಮೊದಲು ತಿಳಿದದ್ದು ಸೆಪ್ಟೆಂಬರ್ 7ರಂದು ಆಸ್ಟಿನ್‌ನಲ್ಲಿ ಟೆಕ್ಸಸ್ ವಿರುದ್ಧ ನಡೆದ ಪಂದ್ಯದಲ್ಲಿ. 37–31ರಿಂದ ಮುಂದಿದ್ದ ಎಲ್‌ಎಸ್‌ಯುಗೆ ಪಂದ್ಯ ಮುಗಿಯಲು ಮೂರು ನಿಮಿಷವೂ ಉಳಿದಿರದಿದ್ದಾಗ ಮೂರನೆಯ ಡೌನ್‌ನಲ್ಲಿ 17 ಗಜ ಬೇಕಾಗಿತ್ತು. ಇಂಥ ಹೊತ್ತಿನಲ್ಲಿ ಚೆಂಡು ಹಿಡಿದು ಓಡಿ ಗಡಿಯಾರ ಸವೆಸಿ, ಬಳಿಕ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು ಹಳೆಯ ರೂಢಿ. ಟೆಕ್ಸಸ್ ಹೆಚ್ಚುವರಿ ರಕ್ಷಕರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುವ ‘ಬ್ಲಿಟ್ಜ್’ ತಂತ್ರ ಹೂಡಿತಾದರೂ, ಬರೋ ಆ ರಕ್ಷಕರ ನಡುವಿನಿಂದ ನುಸುಳಿ ಮುಂದೆ ಬಂದು ಎಸೆದ ಚೆಂಡನ್ನು ಜಸ್ಟಿನ್ ಜೆಫರ್ಸನ್ ಹಿಡಿದು ಗಡಿಯವರೆಗೂ ಓಡಿದ. 61 ಗಜದ ಆ ಟಚ್‌ಡೌನ್‌ನ ಬಲದಿಂದ ತಂಡ 45–38ರಿಂದ ಗೆದ್ದಿತು.

ಮುಂದಿನ ವಾರಗಳಲ್ಲಿ ಆಬರ್ನ್ ತಂಡ 23–20ರ ಸಮೀಪದ ಪೈಪೋಟಿ ಕೊಟ್ಟಿತು. ನವೆಂಬರ್ 9ರಂದು ಅಲಬಾಮವನ್ನು ಅದರ ಅಂಕಣದಲ್ಲೇ 46–41ರಿಂದ ಮಣಿಸಿದಾಗ, ಆ ತಂಡದ ಎದುರಿನ ಸತತ ಎಂಟು ಸೋಲುಗಳ ಸರಪಳಿ ಕಡಿಯಿತು. ತವರಿನ ಕೊನೆಯ ಪಂದ್ಯದಲ್ಲಿ ಬರೋ ತನ್ನ ಹೆಸರನ್ನು ಲೂಯಿಸಿಯಾನದ ಫ್ರೆಂಚ್ ಮೂಲದವರ ಕಾಗುಣಿತದಲ್ಲಿ ಬರೆದಿದ್ದ ಜೆರ್ಸಿ ತೊಟ್ಟು ಅಂಕಣಕ್ಕೆ ಬಂದದ್ದು, ಹೊರಗಿನಿಂದ ಬಂದವನೊಬ್ಬ ಊರಿನವನಾದ ಬಗೆಯನ್ನು ಸಾರಿತು. ಕಾನ್ಫರೆನ್ಸ್ ಫೈನಲ್‌ನಲ್ಲಿ ಜಾರ್ಜಿಯವನ್ನು 37–10ರಿಂದ ಸೋಲಿಸಿದ ತಂಡ, ಸೆಮಿಫೈನಲ್‌ನಲ್ಲಿ ಒಕ್ಲಹೋಮದ ಎದುರು 63–28ರಿಂದ ಗೆದ್ದಿತು. ಅದರಲ್ಲಿ ಬರೋ ಮೊದಲಾರ್ಧದಲ್ಲೇ ಏಳು ಟಚ್‌ಡೌನ್‌ಗಳಿಗೆ ಚೆಂಡೆಸೆದಿದ್ದ. 2020ರ ಜನವರಿ 13ರಂದು ನ್ಯೂ ಓರ್ಲಿಯನ್ಸ್‌ನಲ್ಲಿ, ಸತತ 29 ಪಂದ್ಯ ಗೆದ್ದುಬಂದಿದ್ದ ಕ್ಲೆಮ್ಸನ್ ಎದುರು 7–17ರಿಂದ ಹಿಂದೆ ಬಿದ್ದರೂ ಚೇತರಿಸಿಕೊಂಡು 42–25ರಿಂದ ಪ್ರಶಸ್ತಿ ಗಳಿಸಿತು.

ಒಟ್ಟು 60 ಟಚ್‌ಡೌನ್ ಎಸೆತಗಳು, ಎಸೆದದ್ದರಲ್ಲಿ ಶೇಕಡ 76.3ರಷ್ಟು ಗುರಿ ಮುಟ್ಟಿದ ನಿಖರತೆ—ಇದು ಇಡೀ ಋತುವಿನಲ್ಲಿ ಬರೋನ ಸಾಧನೆ; ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೈಸ್ಮನ್ ಟ್ರೋಫಿಯೂ ಆತನಿಗೆ ದೊರೆಯಿತು. ಆ ಸಮಾರಂಭದಲ್ಲಿ ಆತ ತಾನು ಬೆಳೆದ ಒಹಾಯೊದ ಅಥೆನ್ಸ್ ಪ್ರದೇಶದ ಬಡ ಮಕ್ಕಳ ಹಸಿವಿನ ಬಗ್ಗೆ ಮಾತನಾಡಿದ್ದರಿಂದ, ಅಲ್ಲಿನ ಆಹಾರ ವಿತರಣಾ ಕೇಂದ್ರಕ್ಕೆ ಲಕ್ಷಾಂತರ ಡಾಲರ್ ದೇಣಿಗೆ ಹರಿದುಬಂತು. ಆದರೆ ತರಬೇತುದಾರರು ವರ್ಷಕ್ಕೆ ಹಲವು ದಶಲಕ್ಷ ಡಾಲರ್ ಪಡೆಯುತ್ತಿದ್ದಾಗ ಆಟಗಾರರಿಗೆ ವಿದ್ಯಾರ್ಥಿವೇತನದಂಥ ನೆರವಿನ ಹೊರತು ಸಂಬಳವಿರಲಿಲ್ಲ; ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಲು ಅವರಿಗೆ ಅನುಮತಿ ದೊರೆತದ್ದೂ 2021ರ ಜುಲೈನಲ್ಲಿ.

ಆದ್ದರಿಂದ ಪ್ರತಿಭೆ ಮಾಗಿದೊಡನೆ ವೃತ್ತಿಪರ ಲೀಗಿಗೆ ಹೋಗುವುದೇ ಆಟಗಾರರಿಗೆ ಲಾಭದ ದಾರಿಯಾಗಿತ್ತು. 2020ರ ಆಯ್ಕೆ ಪ್ರಕ್ರಿಯೆಯಾದ ‘ಡ್ರಾಫ್ಟ್’ನಲ್ಲಿ ಎಲ್‌ಎಸ್‌ಯುನ 14 ಆಟಗಾರರು ಆರಿಸಲ್ಪಟ್ಟರು, ಅವರಲ್ಲಿ ಬರೋನದು ಮೊದಲ ಸ್ಥಾನ. ಬ್ರೇಡಿಯೂ ವೃತ್ತಿಪರ ತಂಡಕ್ಕೆ ಮರಳಿದ. ಮುಂದಿನ ಋತುವಿನಲ್ಲಿ ಐದು ಗೆದ್ದು ಐದು ಸೋತ ತಂಡದಿಂದ 2021ರ ಕೊನೆಗೆ ಓರ್ಜೆರಾನ್ ಕೂಡ ಹೊರನಡೆದರು. ವೃತ್ತಿಪರ ಸಂಸ್ಥೆಯೊಂದು ಗೆದ್ದ ತಂಡವನ್ನು ದೀರ್ಘ ಒಪ್ಪಂದಗಳಿಂದ ಹಿಡಿದಿಡಬಹುದು. ವಿಶ್ವವಿದ್ಯಾಲಯಕ್ಕೆ ಆ ಸಾಧ್ಯತೆ ಇರಲಿಲ್ಲವಾದ್ದರಿಂದ, ಗೆಲುವಿನ ಮರುದಿನವೇ ಹೊಸ ತಂಡ ಕಟ್ಟುವ ಕೆಲಸ ಅದಕ್ಕೆ ಕಾದಿರುತ್ತಿತ್ತು.